ಬುಕಿಂಗ್ ಆ್ಯಪ್ ವಿರುದ್ಧ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರೆ ಪ್ರಯೋಜನವಿದೆಯೇ?

ನೇರವಾಗಿ ಬಂದವರಿಗೆ ಕಡಿಮೆ ಬಾಡಿಗೆ ಹೇಳಿದ್ದಕ್ಕೆ ಆ್ಯಪ್‌ನವರು ನಿಮ್ಮ ಹೋಂಸ್ಟೇಯನ್ನು ಪಟ್ಟಿಯ ಬುಡಕ್ಕೆ ತಳ್ಳಿದ್ದಾರೆ. ಕಂಪನಿಗಳು ಮಾರುಕಟ್ಟೆಯಲ್ಲಿ ಅನ್ಯಾಯದ ಆಟ ಆಡದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರೆ ನಷ್ಟ ತುಂಬಿ ಬರುತ್ತದೆಯೇ, ಸರ್ಕಾರವೇ ದೊಡ್ಡ ಕಂಪನಿಗಳ ಕಡೆಗಿರುವಾಗ ಏನು ಫಲ ಎಂದು ಕೇಳಿದ್ದೀರಿ. ನನ್ನದೂ ಇದೇ ಕಥೆ, ಮಲ್ಪೆಯಲ್ಲಿ.

ಪಡುಕೆರೆಯ ಕಡೆ ನಮ್ಮದು ನಾಲ್ಕು ಕೋಣೆಗಳ ಹೋಂಸ್ಟೇ. ಆ್ಯಪ್‌ನಲ್ಲಿ ಕೋಣೆಗೆ 2,000 ರೂಪಾಯಿ. ಕಮಿಷನ್ ಮತ್ತು ಅವರೇ ನಮ್ಮ ತಲೆಗೆ ಕಟ್ಟುವ ರಿಯಾಯಿತಿ ಕಳೆದು ಕೈಗೆ 1,450 ಬಂದರೆ ಹೆಚ್ಚು. ಫೋನ್ ಮಾಡಿ ಬರುವ ಹಳೆಯ ಗಿರಾಕಿಗಳಿಗೆ 1,700 ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಯಾರೋ ಫೋನ್ ಮಾಡಿ, ಮದುವೆಗೆ ನೆಂಟರು ಬರುತ್ತಾರೆ, ಎರಡು ಕೋಣೆಗೆ ಎಷ್ಟು ಎಂದು ವಿಚಾರಿಸಿದರು. ಮೀನೂಟ ಸಿಗುತ್ತದೆಯೇ ಎಂದೂ ಕೇಳಿದರು. 1,700 ಎಂದೆ. ಸಂಜೆಯೊಳಗೆ ಆ್ಯಪ್ ಕಂಪನಿಯ ಮ್ಯಾನೇಜರನ ಕರೆ ಬಂತು: "ಸರ್, ನೀವು ಹೊರಗೆ 1,700ಕ್ಕೆ ಕೊಡುತ್ತಿದ್ದೀರಂತೆ." ಆ ನೆಂಟರು ಇವತ್ತಿಗೂ ಬಂದಿಲ್ಲ.

ನಿಮ್ಮ ದರ ಏರಿಸಿ, ಇಲ್ಲವಾದರೆ ಪಟ್ಟಿಯಲ್ಲಿ ಕೆಳಗೆ ಹೋಗುತ್ತೀರಿ ಎಂದ. 2024ರ ಜನವರಿಯಲ್ಲಿ ಉಡುಪಿ ಕೃಷ್ಣಮಠದ ಪರ್ಯಾಯ ಉತ್ಸವಕ್ಕೆ ತಿಂಗಳೂ ಉಳಿದಿರಲಿಲ್ಲ. ಉಡುಪಿಯಲ್ಲಿ ಜಾಗ ಸಿಗದ ಜನ ಮಲ್ಪೆಯವರೆಗೆ ಕೋಣೆ ಹುಡುಕಿಕೊಂಡು ಬರುವ ಕಾಲ ಅದು. ಒಪ್ಪಿಕೊಂಡೆ. ಒಪ್ಪಿದ್ದನ್ನು ತಪ್ಪು ಎನ್ನುವುದಿಲ್ಲ, ಹೊಟ್ಟೆಪಾಡು. ತಪ್ಪು ಅದರ ಮರುಕ್ಷಣ ಆಯಿತು. "ನಮ್ಮ ದಾಖಲೆಗೆ ಒಂದು ಇ-ಮೇಲ್ ಹಾಕಿಬಿಡಿ ಸರ್" ಎಂದು ಅವನೇ ಒಕ್ಕಣೆ ಹೇಳಿಕೊಟ್ಟ: ಮಾರುಕಟ್ಟೆಯ ಪರಿಸ್ಥಿತಿ ನೋಡಿಕೊಂಡು ನಾವಾಗಿಯೇ ನೇರ ದರವನ್ನು 2,000ಕ್ಕೆ ಏರಿಸುತ್ತಿದ್ದೇವೆ, ಸಹಕಾರಕ್ಕೆ ಧನ್ಯವಾದ. ಅಕ್ಷರ ಬಿಡದೆ ಬರೆದು ಕಳುಹಿಸಿದೆ.

ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮಗೂ ಇದೇ ಒಕ್ಕಣೆ ಬರಬಹುದು. ಬೆದರಿಕೆ ಬಂದದ್ದು ಫೋನಿನಲ್ಲಿ, ಅದಕ್ಕೆ ಸಾಕ್ಷಿಯಿಲ್ಲ. ನಾನು ಬಗ್ಗಿದ್ದು ಬರಹದಲ್ಲಿ, ಅದೂ ನಗುನಗುತ್ತಾ ಬಗ್ಗಿದಂತೆ. ದರ ಏರಿಸಿದ ಮೇಲೂ ಪರ್ಯಾಯದ ವಾರ ನಮ್ಮ ಹೆಸರು ಪಟ್ಟಿಯಲ್ಲಿ ಮೇಲೆ ಬರಲಿಲ್ಲ. ಮಂಗಳೂರಿನ ವಕೀಲರೊಬ್ಬರ ಬಳಿ ಹೋದಾಗ ಅವರು ಕಾಗದಪತ್ರ ಕೇಳಿದರು. ನನ್ನಲ್ಲಿದ್ದದ್ದು ಆ ಇ-ಮೇಲ್ ಒಂದೇ. "ಇದು ನಿಮ್ಮ ಸಾಕ್ಷ್ಯವಲ್ಲ, ಅವರದ್ದು" ಎಂದರು. "ನೀವು ಇಂದು ಫೋನಿನಲ್ಲಿ ಹೀಗೆ ಹೇಳಿದಿರಿ, ದಯವಿಟ್ಟು ಲಿಖಿತವಾಗಿ ಖಚಿತಪಡಿಸಿ" ಎಂದು ಆ ಸಂಜೆಯೇ ಎರಡು ಸಾಲು ಬರೆದಿದ್ದರೆ ಇಡೀ ಕಡತದ ಬಣ್ಣವೇ ಬೇರೆಯಾಗುತ್ತಿತ್ತು.

ಇನ್ನು ನಷ್ಟದ ಮಾತು. ಆಯೋಗ ವಿಧಿಸುವ ದಂಡ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ನಿಮಗಲ್ಲ. ಪರಿಹಾರಕ್ಕೆ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಪ್ರತ್ಯೇಕ ಅರ್ಜಿ ಹಾಕಬೇಕು. ಜೊತೆಗೆ, ಕಂಪನಿಗೆ ಮಾರುಕಟ್ಟೆಯಲ್ಲಿ ಪ್ರಾಬಲ್ಯವಿದೆ ಎಂಬುದು ಮೊದಲು ರುಜುವಾತಾಗದೆ ಪ್ರಾಬಲ್ಯದ ದುರುಪಯೋಗವನ್ನು ತಡೆಯುವ ಸ್ಪರ್ಧಾ ಕಾಯಿದೆಯ 4ನೇ ಸೆಕ್ಷನ್ ಕೆಲಸಕ್ಕೆ ಬರುವುದಿಲ್ಲ. ಚಿಕ್ಕ ಆ್ಯಪ್ ಅನ್ಯಾಯ ಮಾಡಿದರೆ ಅದು ಬರಿಯ ಅನ್ಯಾಯ, ಅಷ್ಟೇ.

ಸರ್ಕಾರ ದೊಡ್ಡವರ ಕಡೆಗಿದೆ ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. 2022ರ ಅಕ್ಟೋಬರಿನಲ್ಲಿ ಇದೇ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ನಮ್ಮಲ್ಲಿಗಿಂತ ಕಡಿಮೆ ದರಕ್ಕೆ ಬೇರೆ ಬುಕಿಂಗ್ ಆ್ಯಪ್‌ಗಳಲ್ಲಿ ಕೊಡಬಾರದು ಎಂಬ ಷರತ್ತನ್ನು ಒಪ್ಪಂದದಿಂದ ತೆಗೆಯಬೇಕೆಂದು ಮೇಕ್‌ಮೈಟ್ರಿಪ್-ಗೋಐಬಿಬೋಗೆ ಆದೇಶಿಸಿತು. ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 1,337.76 ಕೋಟಿ ದಂಡ ಬಿದ್ದದ್ದು ಅದೇ ವಾರ. ಹಲ್ಲಿಲ್ಲದ ಆಯೋಗವಲ್ಲ ಅದು.

ರಾಜಕೀಯ ಇರುವುದು ಬೇರೆ ಕಡೆ. ಅದೇ ತಿಂಗಳು ಆಯೋಗದ ಅಧ್ಯಕ್ಷ ಅಶೋಕ್ ಕುಮಾರ್ ಗುಪ್ತಾ ನಿವೃತ್ತರಾದರು. ಉಳಿದದ್ದು ಇಬ್ಬರು ಸದಸ್ಯರು, ಕೋರಂಗೆ, ಅಂದರೆ ಸಭೆ ಸೇರಿ ತೀರ್ಮಾನಿಸಲು, ಕನಿಷ್ಠ ಮೂವರು ಬೇಕು. ಪೂರ್ಣಾವಧಿ ಅಧ್ಯಕ್ಷರಾಗಿ ರವನೀತ್ ಕೌರ್ ಬಂದದ್ದು 2023ರ ಮೇಯಲ್ಲಿ. ಸರ್ಕಾರ ಯಾವ ಕಂಪನಿಯ ಪರವೂ ಬಾಯಿ ಬಿಡದೆ ಕುರ್ಚಿ ಖಾಲಿ ಬಿಟ್ಟರೆ ಸಾಕು, ತನಿಖೆ ತಾನಾಗಿ ಕುಂಟುತ್ತದೆ. ದೊಡ್ಡ ಆ್ಯಪ್‌ಗಳನ್ನು ಮೊದಲೇ ಕಟ್ಟಿಹಾಕುವ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚಿನಲ್ಲಿ ಹೊರಬಂದು ನನೆಗುದಿಗೆ ಬಿತ್ತು. ಅಮೆರಿಕವೂ ಕಡಿಮೆಯಿಲ್ಲ: ಏಕಸ್ವಾಮ್ಯದ ಪ್ರಕರಣದಲ್ಲಿ 2000ದಲ್ಲಿ ಮೈಕ್ರೋಸಾಫ್ಟನ್ನು ಎರಡಾಗಿ ಒಡೆಯಲು ನ್ಯಾಯಾಧೀಶರು ಆದೇಶಿಸಿದರು. ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು, 2001ರಲ್ಲಿ ಹೊಸ ಸರ್ಕಾರ ಒಡೆಯುವ ಬೇಡಿಕೆಯನ್ನೇ ಕೈಬಿಟ್ಟಿತು.

ಹಾಗಾಗಿ ಒಬ್ಬರೇ ದೆಹಲಿಗೆ ಅರ್ಜಿ ಕಳುಹಿಸಬೇಡಿ. ಮೇಕ್‌ಮೈಟ್ರಿಪ್ ಪ್ರಕರಣದ ದೂರುದಾರರಲ್ಲಿ ಹೋಟೆಲುಗಳ ಒಕ್ಕೂಟವೇ ಇತ್ತು, ಆದರೂ ತನಿಖೆಯ ಆದೇಶದಿಂದ ದಂಡದವರೆಗೆ ಮೂರು ವರ್ಷ ಹಿಡಿಯಿತು. ಮಲ್ಪೆ, ಕಾಪು, ಮರವಂತೆಯ ಹೋಂಸ್ಟೇಯವರು ಒಂದು ದಿನ ಕೂತು ಅವರವರಿಗೆ ಬಂದ ಇ-ಮೇಲ್‌ಗಳನ್ನು ಒಟ್ಟುಗೂಡಿಸಲಿ. ಆ್ಯಪ್‌ನ ಮಾಲೀಕರ ಪುಟದಲ್ಲಿರುವ ಲೆಕ್ಕಗಳನ್ನು ಖಾತೆ ಚಾಲೂ ಇರುವಾಗಲೇ ಇಳಿಸಿಕೊಳ್ಳಿ, ಖಾತೆ ಮುಚ್ಚಿದ ಮೇಲೆ ಅವು ಅವರ ಸೊತ್ತು. ಹೆಸರು ಗೋಪ್ಯವಾಗಿಡುವಂತೆ ಆಯೋಗವನ್ನು ಕೇಳಿಕೊಳ್ಳಬಹುದು. 2023ರ ತಿದ್ದುಪಡಿಯ ಪ್ರಕಾರ ದೂರಿಗೆ ಮೂರು ವರ್ಷದ ಗಡುವಿದೆ. ನಿಮ್ಮದು ಕಳೆದ ದೀಪಾವಳಿಯ ಘಟನೆ ಎಂದಿದ್ದೀರಲ್ಲ, ಅವಧಿ ಮೀರಿಲ್ಲ. ಮ್ಯಾನೇಜರ್ ಹೇಳಿಕೊಟ್ಟ ಇ-ಮೇಲ್ ಇನ್ನೂ ಕಳುಹಿಸಿಲ್ಲ ತಾನೇ?