ಜ್ವರ ಬಿಡ್ತು ಅಂತ ಬರೀರಿ

ನಮಸ್ಕಾರ. ನೀವು ಕಳಿಸಿದ ಕಥೆ ಎರಡು ಸಲ ಓದಿದೆ. ದರಕು, ಅಂದ್ರೆ ಉದುರಿದ ಒಣ ಎಲೆ, ತರೋಕೆ ಕಾಡಿಗೆ ಹೋದ ತಾಯಿ ಮಂಗನ ಕಾಯಿಲೆ ಬಂದು ಹಾಸಿಗೆ ಹಿಡೀತಾಳೆ, ಮಗಳು ಶಿವಮೊಗ್ಗದಿಂದ ಬಸ್ ಹತ್ತಿ ಸೊರಬದ ಹಳ್ಳಿಗೆ ಬರ್ತಾಳೆ. ಕೊಟ್ಟಿಗೆ ವರ್ಣನೆ ಚೆನ್ನಾಗಿದೆ, ಎಲ್ಲೂ ಎಳೆದಿಲ್ಲ. ಹೊಗಳಿಕೆ ಇಷ್ಟೇ, ಯಾಕಂದ್ರೆ ಎರಡನೇ ಪುಟದಲ್ಲಿ ನಂಗೆ ಸಿಟ್ಟು ಬಂತು, ಅದು ಇನ್ನೂ ಇಳಿದಿಲ್ಲ.

"ಊರಲ್ಲಿ ಮಂಗನಬಾವು ಕಾಣಿಸಿಕೊಂಡಿತ್ತು" ಅಂತ ಬರೆದಿದೀರಿ. ಮಂಗನಬಾವು ಅಂದ್ರೆ ಕಿವಿ ಕೆಳಗೆ ಕೆನ್ನೆ ಊದ್ಕೊಳ್ಳೋದು, ಡಾಕ್ಟರು ಮಂಪ್ಸ್ ಅಂತಾರಲ್ಲ ಅದು, ಹೆಚ್ಚಾಗಿ ಮಕ್ಕಳಿಗೆ ಬರುತ್ತೆ, ಎಂಜಲು ಕೆಮ್ಮು ಸೀನಿಂದ ಒಬ್ಬರಿಂದ ಒಬ್ಬರಿಗೆ ಹೋಗುತ್ತೆ, ಮಂಗಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ನಿಮ್ಮ ಕಥೆಯ ತಾಯಿಗೆ ಬಂದಿರೋದು ಮಂಗನ ಕಾಯಿಲೆ. ಅದು ಉಣುಗು ಅನ್ನೋ ರಕ್ತ ಹೀರೋ ಸಣ್ಣ ಹುಳ ಕಚ್ಚಿ ಬರೋದು, ಮನುಷ್ಯರಿಂದ ಮನುಷ್ಯರಿಗೆ ಹರಡೋದಿಲ್ಲ, ಮಂಗಗಳೂ ಪಾಪ ಅದೇ ಉಣುಗು ಕಚ್ಚಿಸ್ಕೊಂಡು ಸಾಯೋದು. 1957ರಲ್ಲಿ ಇದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬೀಳೋಕೆ ಶುರುವಾದಾಗ ಇದು ಗೊತ್ತಾಗಿದ್ದು, ಇವತ್ತಿಗೂ ಪ್ರಪಂಚದ ವೈದ್ಯರೆಲ್ಲ ಕ್ಯಾಸನೂರು ಹೆಸರಲ್ಲೇ ಕರೀತಾರೆ. ಬೇರೆ ಊರಿನೋರು ತಪ್ಪಿದ್ರೆ ಸುಮ್ನಿರ್ತಿದ್ದೆ, ನೀವು ಆ ಕಡೆಯೋರೇ ಅಂತ ಪತ್ರದಲ್ಲಿ ಬರ್ಕೊಂಡಿದೀರಿ.

ಅದರ ಮುಂದಿನ ಸಾಲು: "ಆ ಅಂಟುರೋಗಕ್ಕೆ ಹೆದರಿ ಯಾರೂ ಮನೆಯತ್ತ ಸುಳಿಯಲಿಲ್ಲ." ಜನ ಹೆದರೋದು ನಿಜ, ಹೆದರ್ತಾರೆ. ಆದ್ರೆ ಇಲ್ಲಿ ಅಂಟುರೋಗ ಅಂತ ಹೇಳ್ತಿರೋದು ಊರಿನೋರಲ್ಲ, ಕಥೆ ಹೇಳ್ತಿರೋ ನೀವು. ಊರಿನೋರ ಬಾಯಲ್ಲಿ ಬಂದಿದ್ರೆ ಅದು ಅವರ ಭಯ, ನಿಮ್ಮ ಬಾಯಲ್ಲಿ ಬಂದ್ರೆ ಓದೋರಿಗೆ ಅದೇ ಸತ್ಯ.

ಈ ಒಂದು ಪದಕ್ಕೆ ಇಷ್ಟು ಯಾಕೆ ಅಂದ್ರೆ, ನಾನೂ ಇದನ್ನ ಬರೆದಿದೀನಿ. ಶಿವಮೊಗ್ಗದ ಒಂದು ಸಣ್ಣ ಪತ್ರಿಕೆಗೆ ಹೊಸದಾಗಿ ಸೇರಿದ್ದೆ, ಮಂಗನ ಕಾಯಿಲೆಯಿಂದ ಒಬ್ಬರು ತೀರಿಕೊಂಡ ಸುದ್ದಿ ಬಂತು, ತೂಕ ಇರ್ಲಿ ಅಂತ "ಸಾಂಕ್ರಾಮಿಕ ರೋಗಕ್ಕೆ ಬಲಿ" ಅಂತ ಹೆಡ್ಡಿಂಗ್ ಕೊಟ್ಟೆ, ಒಳಗೆ ಅಂಟುರೋಗ ಅಂತಾನೂ ಬರೆದೆ. ಎರಡು ವಾರ ಬಿಟ್ಟು ಸತ್ತವರ ತಮ್ಮ ಬಸ್ಸಲ್ಲಿ ಆಫೀಸಿಗೆ ಬಂದ್ರು, ಪೇಪರ್ ಮಡಚಿ ಜೇಬಲ್ಲಿ ಇಟ್ಕೊಂಡಿದ್ರು. ಜಗಳ ಮಾಡ್ಲಿಲ್ಲ. "ತಿಥಿ ಊಟಕ್ಕೆ ಯಾರೂ ಬರ್ಲಿಲ್ಲ ಸ್ವಾಮಿ, ಅಂಟುತ್ತೆ ಅಂತ ಪೇಪರಲ್ಲೇ ಬಂದಿದೆಯಲ್ಲ ಅಂದ್ರು" ಅಂತ ಹೇಳಿ ಪೇಪರನ್ನ ನನ್ನ ಟೇಬಲ್ ಮೇಲಿಟ್ಟು ಹೋದ್ರು. ತಿದ್ದುಪಡಿ ಹಾಕಿದ್ವಿ, ಒಳಪುಟದಲ್ಲಿ ಎರಡು ಸಾಲು. ಅಟ್ಟಿದ ಅಡುಗೆ ಹಾಗೇ ಉಳಿದಿತ್ತಲ್ಲ, ಅದಕ್ಕೆ ತಿದ್ದುಪಡಿ ಎಲ್ಲಿ ಹಾಕೋದು.

ಇನ್ನು ತಾಯಿ ಮಾತು. "ಮಗಳೇ, ನಾನು ರೋಗಗ್ರಸ್ತಳಾಗಿದ್ದೇನೆ." ಇದನ್ನ ಜೋರಾಗಿ ಓದಿ ನೋಡಿ, ನಮ್ಮ ಮಲೆನಾಡಿನ ಯಾವ ಹೆಂಗಸಿನ ಬಾಯಲ್ಲಿ ಈ ಮಾತು ಬರುತ್ತೆ? ನಮ್ಮಲ್ಲಿ ರೋಗ ಬರೋದು ತೋಟಕ್ಕೆ, ಕೊಳೆ ರೋಗ, ಎಲೆಚುಕ್ಕಿ ರೋಗ. ಮನುಷ್ಯರಿಗೆ ಹುಷಾರಿರಲ್ಲ, ಕಾಯಿಲೆ ಬೀಳ್ತಾರೆ, ಮೈಮೇಲೆ ಗುಳ್ಳೆ ಎದ್ರೆ ಅಮ್ಮ ಆಗಿದೆ ಅಂತಾರೆ. ಮನುಷ್ಯರಿಗೆ ರೋಗ ಅಂದ್ರೆ ಅದು ಬೈಗುಳ, "ಏನು ರೋಗ ಬಂದಿದೆ ನಿಂಗೆ" ಅಂತ. ನಿಮ್ಮ ತಾಯಿ "ಮೈ ಕೆಂಡ ಆಗಿದೆ ಕಣೇ, ಸೊಂಟ ಮುರ್ದು ಬೀಳ್ತಿದೆ" ಅನ್ನಬೇಕು. ಆ ಕಾಯಿಲೇಲಿ ಜ್ವರದ ಜೊತೆ ಮೈಕೈ ನೋವು ಅಷ್ಟು ಜೋರಿರುತ್ತೆ, ಆ ಒಂದು ಮಾತಲ್ಲೇ ಎಲ್ಲ ಬಂತು.

ನಾಲ್ಕನೇ ಪುಟದಲ್ಲಿ "ರೋಗವು ಮತ್ತೆ ಉಲ್ಬಣಿಸಿತು" ಅಂತಿದೆ. ಕಥೆಯ ಜೀವ ಇದ್ದಿದ್ದು ಇಲ್ಲೇ, ನೀವು ಮೂರು ಪದದಲ್ಲಿ ದಾಟಿಬಿಟ್ರಿ. ಕನ್ನಡದಲ್ಲಿ ಜ್ವರ ಬರುತ್ತೆ, ಏರುತ್ತೆ, ಇಳಿಯುತ್ತೆ, ಬಿಡುತ್ತೆ, ಯಾವುದೋ ಒಂದು ಬಂದು ಹಿಡ್ಕೊಂಡು ಆಮೇಲೆ ಕೈ ಬಿಟ್ಟ ಹಾಗೆ. ಮಂಗನ ಕಾಯಿಲೇಲಿ ಎಷ್ಟೋ ಜನಕ್ಕೆ ಜ್ವರ ಬಿಟ್ಟ ಮೇಲೆ ವಾಸಿ ಆಗುತ್ತೆ, ಆದ್ರೆ ಕೆಲವರಿಗೆ ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಬರುತ್ತೆ, ಆಗ ತಲೆ ಸಿಡಿಯುತ್ತೆ, ಕೈ ನಡುಗುತ್ತೆ, ಕಣ್ಣು ಮಂಜಾಗುತ್ತೆ, ಮಾತು ದಿಕ್ಕು ತಪ್ಪುತ್ತೆ. ಅಂದ್ರೆ ಮಗಳು ಫೋನಲ್ಲಿ "ಅಮ್ಮಂಗೆ ಜ್ವರ ಬಿಡ್ತು" ಅಂತ ಎಲ್ಲರಿಗೂ ಹೇಳಿ ಶಿವಮೊಗ್ಗಕ್ಕೆ ವಾಪಸ್ ಹೊರಟಿರ್ತಾಳಲ್ಲ, ಆ ಹದಿನೈದು ದಿನ ನಿಮ್ಮ ಕಥೇಲಿ ಇಲ್ವೇ ಇಲ್ಲ. ತಾಯಿ ಎದ್ದು ಕೊಟ್ಟಿಗೆಗೆ ಹೋಗಿರಬಹುದು, ಅಂಗಳದಲ್ಲಿ ಕೂತು ಅಡಿಕೆ ಸುಲಿದಿರಬಹುದು, ಒಂದು ಸಂಜೆ ಕತ್ತಿ ಕೈಯಿಂದ ಜಾರಿರಬಹುದು.

ಆ ಹದಿನೈದು ದಿನ ಬರೆದು ಕಳಿಸಿ. ಬೇರೆ ಏನನ್ನೂ ತಿದ್ದೋಕೆ ಹೋಗಬೇಡಿ, ಮಂಗನಬಾವು ಒಂದನ್ನ ಹೊಡೆದು ಹಾಕಿ, ಉಳಿದಿದ್ದು ಮಾರ್ಚ್ ಸಂಚಿಕೆ ಹೊತ್ತಿಗೆ ಕೂತು ನೋಡೋಣ.