ಓದೋದು ಇಷ್ಟ ಅಂತ ಲೈಬ್ರರಿ ಸೈನ್ಸ್ ಪದವಿಗೆ ಸೇರಬಹುದಾ?

ನೀವು ಮೂರು ಮಾತು ಕೇಳಿದ್ದೀರಿ. ಪುಸ್ತಕ ಅಂದರೆ ಪ್ರಾಣ, ಅದಕ್ಕೇ ಲೈಬ್ರರಿ ಸೈನ್ಸ್ ಓದಲಾ? ಎಲ್ಲವೂ ಗೂಗಲ್‌ನಲ್ಲಿ ಸಿಗುವಾಗ ಈ ಪದವಿಗೆ ಬೆಲೆ ಇದೆಯಾ? ಕಂಪ್ಯೂಟರ್ ಅಂದರೆ ಭಯ ಇರುವವರಿಗೆ ಇದು ಆಗುತ್ತಾ? ನಾನು ಇದೇ ಪದವಿ ಓದಿ ಈಗ ಗ್ರಂಥಾಲಯದಲ್ಲೇ ಕೆಲಸದಲ್ಲಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಆದರೂ ಬಿಡಿಸಿ ಹೇಳುತ್ತೇನೆ.

ಮೊದಲ ವಿಷಯ. ಈ ಕೋರ್ಸ್‌ನಲ್ಲಿ ಪುಸ್ತಕ ಓದಿಸುವುದಿಲ್ಲ. ಕಥೆ ಕಾದಂಬರಿಗಳ ಮೇಲೆ ಚರ್ಚೆ ಇರುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೂ ಅಷ್ಟೇ, ಕುರ್ಚಿಯಲ್ಲಿ ಕುಳಿತು ಓದುವ ಬಿಡುವು ಸಿಗುವುದು ತುಂಬಾ ಕಡಿಮೆ. ಓದುವ ಆಸೆಯೊಂದನ್ನೇ ನಂಬಿ ಬಂದ ನನ್ನ ಇಬ್ಬರು ಸಹಪಾಠಿಗಳು ಮೊದಲ ವರ್ಷವೇ ಬಿಟ್ಟು ಹೋದರು. ಅವರ ತಪ್ಪೇನಿಲ್ಲ, ಇಲ್ಲಿ ಏನು ಕಲಿಸುತ್ತಾರೆ ಅಂತ ಯಾರೂ ಅವರಿಗೆ ಮೊದಲೇ ಹೇಳಿರಲಿಲ್ಲ. ಕಲಿಸುವುದು ಇದನ್ನು: ಒಬ್ಬರಿಗೆ ಏನೋ ಬೇಕು, ಅದು ಎಲ್ಲೋ ಇದೆ, ಇವೆರಡು ಸೇರುವ ಹಾಗೆ ಮಾಡುವುದು ಹೇಗೆ?

ಒಂದು ಉದಾಹರಣೆ ಕೊಡುತ್ತೇನೆ. ವರ್ಗೀಕರಣದ ಪ್ರಾಕ್ಟಿಕಲ್ ಕ್ಲಾಸ್‌ನಲ್ಲಿ ನಮ್ಮ ಮೇಡಂ ಒಂದು ಪುಸ್ತಕ ಕೈಗಿಟ್ಟು ನಂಬರ್ ಹಾಕಿ ಅಂದರು. ಸಕ್ಕರೆಯ ಇತಿಹಾಸದ ಪುಸ್ತಕ ಅದು. ನಾನು ಸುಲಭ ಅಂದುಕೊಂಡೆ. ಡ್ಯೂಯಿ ಪದ್ಧತಿ, ಅಂದರೆ ಒಂದೊಂದು ವಿಷಯಕ್ಕೂ ಒಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ವ್ಯವಸ್ಥೆ, ಅದರಲ್ಲಿ ಕಬ್ಬಿನ ಬೆಳೆ 633ರಲ್ಲಿ ಬರುತ್ತದೆ. ಸಕ್ಕರೆ ತಯಾರಿಕೆ 664ರಲ್ಲಿ. ಬೆಳೆಯ ಉತ್ಪಾದನೆ, ಬೆಲೆ ಇವುಗಳ ಅರ್ಥಶಾಸ್ತ್ರ ಅಂದರೆ 338. ಆದರೆ ಒಳಗೆ ತಿರುವಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಪುಟಗಳು ಕಬ್ಬಿನ ತೋಟಗಳಲ್ಲಿ ದುಡಿದ ಗುಲಾಮರ ಬಗ್ಗೆ ಇದ್ದವು, ಅದು 306ರಲ್ಲಿ ಬರುತ್ತದೆ. ಪುಸ್ತಕ ಒಂದೇ, ಇಡಲು ಜಾಗವೂ ಒಂದೇ. ಇದನ್ನು ಹುಡುಕಿಕೊಂಡು ಬರುವವರು ಯಾರು, ಅವರು ಯಾವ ಕಪಾಟಿನ ಮುಂದೆ ಮೊದಲು ನಿಲ್ಲುತ್ತಾರೆ? ಅವತ್ತು ಒಂದು ಗಂಟೆ ಬರೀ ಇದೇ ಜಗಳ ಕ್ಲಾಸ್‌ನಲ್ಲಿ. ನನಗೆ ಈ ವಿಷಯದ ಹುಚ್ಚು ಹಿಡಿದದ್ದು ಆ ಒಂದು ಗಂಟೆಯಲ್ಲಿ.

ಆ ನಂಬರ್‌ಗಳೂ ಆಕಾಶದಿಂದ ಉದುರಿದ್ದಲ್ಲ. ಮೆಲ್ವಿಲ್ ಡ್ಯೂಯಿ ತನ್ನ ಪದ್ಧತಿಯನ್ನು 1876ರಲ್ಲಿ ಪ್ರಕಟಿಸಿದಾಗ ಆತನಿಗೆ 24 ವರ್ಷ. ಧರ್ಮಕ್ಕೆ 200ರಿಂದ 299ರವರೆಗೆ ಜಾಗ ಕೊಟ್ಟ, ಅದರಲ್ಲಿ ಬಹುಪಾಲು ಕ್ರೈಸ್ತ ಧರ್ಮಕ್ಕೇ ಹೋಯಿತು. ಜಗತ್ತಿನ ಉಳಿದ ಧರ್ಮಗಳೆಲ್ಲ 290ರ ಸಾಲಿನಲ್ಲಿ ಒತ್ತಿಕೊಂಡು ಕುಳಿತವು. ಆಮೇಲಿನ ಆವೃತ್ತಿಗಳಲ್ಲಿ ತಿದ್ದುಪಡಿ ಆಗಿದೆ, ಆದರೂ ಮೂಲದ ಅಚ್ಚು ಹಾಗೇ ಕಾಣುತ್ತದೆ. ಕಪಾಟಿನ ಜೋಡಣೆಯಲ್ಲೂ ಒಬ್ಬ ಮನುಷ್ಯನ ಕಾಲ, ನಂಬಿಕೆ ಅಡಗಿರುತ್ತದೆ ಅನ್ನೋದು ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ.

ಎಸ್. ಆರ್. ರಂಗನಾಥನ್ ಹೆಸರನ್ನಂತೂ ಮೊದಲ ವಾರವೇ ಕೇಳುತ್ತೀರಿ. ಅವರು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಆಮೇಲೆ ತರಬೇತಿಗೆ ಲಂಡನ್‌ಗೆ ಹೋದರು. ಅಲ್ಲಿನ ಅಂಗಡಿಯೊಂದರಲ್ಲಿ ಮೆಕಾನೋ ಆಟಿಕೆ ನೋಡಿದರು. ಅದೇ ಪಟ್ಟಿಗಳು, ಅದೇ ನಟ್ಟು ಬೋಲ್ಟು, ಬೇರೆ ಬೇರೆ ಥರ ಜೋಡಿಸಿದರೆ ಬೇರೆ ಬೇರೆ ಆಟಿಕೆ. ವಿಷಯಗಳನ್ನೂ ಹೀಗೇ ಬಿಡಿಭಾಗ ಮಾಡಿ ಜೋಡಿಸಬಹುದಲ್ವಾ ಅಂತ ಅನ್ನಿಸಿತು, ಅದರಿಂದ 1933ರಲ್ಲಿ ಕೋಲನ್ ವರ್ಗೀಕರಣ ಬಂತು. ಸಕ್ಕರೆಯ ಪುಸ್ತಕಕ್ಕೆ ಒಂದೇ ಸಿದ್ಧ ಡಬ್ಬಿ ಹುಡುಕುವ ಬದಲು, ಯಾವ ವಸ್ತು, ಯಾವ ಕ್ರಿಯೆ, ಯಾವ ಜಾಗ, ಯಾವ ಕಾಲ ಅಂತ ಬಿಡಿಸಿ ನಂಬರ್ ಕಟ್ಟುವ ದಾರಿ ಅದು. ಕಾಗದದಲ್ಲಿ ಕಟ್ಟುವುದು ಕಷ್ಟ, ನಾನು ಮೊದಲ ಇಂಟರ್ನಲ್‌ನಲ್ಲಿ ಒದ್ದಾಡಿದೆ. ಆದರೆ ಆನ್‌ಲೈನ್‌ನಲ್ಲಿ ಶೂ ಕೊಳ್ಳುವಾಗ ಬಣ್ಣ, ಅಳತೆ, ಬೆಲೆ ಅಂತ ಪಕ್ಕದಲ್ಲಿ ಟಿಕ್ ಮಾಡುತ್ತೀರಲ್ಲ, ಆ ಯೋಚನೆಯೂ ಇದೇ ಜಾತಿಯದು.

ಕ್ಯಾಟಲಾಗಿಂಗ್, ಅಂದರೆ ಪ್ರತಿ ಪುಸ್ತಕದ ವಿವರ ದಾಖಲಿಸುವ ಕೆಲಸದ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಜನ ಬೋರ್ ಅನ್ನುವುದು ಇದನ್ನೇ. ಗ್ರಂಥಾಲಯಗಳ ದಾಖಲೆಗಳನ್ನು ಕಂಪ್ಯೂಟರ್ ಓದುವ ಹಾಗೆ ಮಾಡಿದ್ದು ಮಾರ್ಕ್ ಅನ್ನೋ ನಮೂನೆ, 1960ರ ದಶಕದ್ದು. ಅದನ್ನು ರೂಪಿಸಿದವರು ಹೆನ್ರಿಯೆಟ್ ಅವ್ರಾಮ್. ಅವರು ಮೂಲತಃ ಪ್ರೋಗ್ರಾಮರ್, ಗ್ರಂಥಾಲಯದ ಕೆಲಸವನ್ನು ಆಮೇಲೆ ಕಲಿತವರು. ಅದರಲ್ಲಿ 100 ಅಂದರೆ ಲೇಖಕರು, 245 ಅಂದರೆ ಶೀರ್ಷಿಕೆ, 650 ಅಂದರೆ ವಿಷಯ. ಈಗ 245ರ ಒಂದು ಪುಟ್ಟ ಅಂಶ ನೋಡಿ. ಇಂಗ್ಲಿಷ್ ಪುಸ್ತಕದ ಹೆಸರು 'ದಿ' ಅಂತ ಶುರುವಾದರೆ ಅಲ್ಲಿ 4 ಅಂತ ಹಾಕಬೇಕು. ಇಂಗ್ಲಿಷಿನಲ್ಲಿ ಆ ಪದಕ್ಕೆ ಮೂರು ಅಕ್ಷರ, ಪಕ್ಕದ ಖಾಲಿ ಜಾಗ ಒಂದು. ಈ ನಾಲ್ಕನ್ನು ಬಿಟ್ಟು ಮುಂದಿನಿಂದ ಜೋಡಿಸು ಅಂತ ಕಂಪ್ಯೂಟರಿಗೆ ಹೇಳಿದ ಹಾಗೆ. ನಾನು ಒಮ್ಮೆ 4ರ ಬದಲು 0 ಹಾಕಿಬಿಟ್ಟೆ. ಶೀರ್ಷಿಕೆಗಳ ಪಟ್ಟಿಯಲ್ಲಿ ಆ ಪುಸ್ತಕ ತನ್ನ ಜಾಗ ಬಿಟ್ಟು, 'ದಿ' ಅಂತ ಶುರುವಾಗುವ ಗುಂಪಿಗೆ ಹೋಗಿ ಕುಳಿತಿತು. ಕಪಾಟಿನಲ್ಲಿ ಪುಸ್ತಕ ಇದೆ, ಪಟ್ಟಿ ನೋಡಿ ಬಂದವರಿಗೆ ಸಿಗುತ್ತಿಲ್ಲ. ಸಿಗದ ಪುಸ್ತಕಕ್ಕೂ ಇಲ್ಲದ ಪುಸ್ತಕಕ್ಕೂ ಓದುಗರ ಮಟ್ಟಿಗೆ ಏನು ವ್ಯತ್ಯಾಸ ಹೇಳಿ.

ಈಗ ಗೂಗಲ್ ವಿಷಯಕ್ಕೆ ಬರುತ್ತೇನೆ. ಇದಕ್ಕೆ ನನ್ನ ಉತ್ತರ ಒಂದು ಘಟನೆಯಲ್ಲಿದೆ.

ಇಂಟರ್ನ್‌ಶಿಪ್‌ನಲ್ಲಿ ನನ್ನನ್ನು ವಿಚಾರಣೆ ಕೌಂಟರ್‌ನಲ್ಲಿ ಕೂರಿಸಿದ್ದರು. ಐವತ್ತರ ಆಸುಪಾಸಿನ ಒಬ್ಬರು ಬಂದು "ಕಾನೂನಿನ ಪುಸ್ತಕ ಎಲ್ಲಿವೆ?" ಅಂದರು. ನಾನು ತಕ್ಷಣ "ಎರಡನೇ ಮಹಡಿ ಸರ್, ಎಡಗಡೆ, 340" ಅಂದೆ. ಸರಿಯಾದ ಉತ್ತರ ಕೊಟ್ಟೆ ಅಂತ ಖುಷಿಯೂ ಆಯಿತು. ಹತ್ತು ನಿಮಿಷಕ್ಕೆ ಅವರು ಬರಿಗೈಯಲ್ಲಿ ಇಳಿದು ಬಂದು, ಯಾರನ್ನೂ ನೋಡದೆ ಬಾಗಿಲ ಕಡೆ ಹೊರಟರು. ಪಕ್ಕದಲ್ಲಿದ್ದ ಹಿರಿಯ ಗ್ರಂಥಪಾಲಕರು ಎದ್ದು ಹೋಗಿ ಮೆತ್ತಗೆ ಕೇಳಿದರು, "ಸಿಕ್ತಾ ಸರ್? ಯಾವ ವಿಷಯಕ್ಕೆ ಬೇಕಾಗಿತ್ತು?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು: ಮನೆ ಖಾಲಿ ಮಾಡಿ ಮೂರು ತಿಂಗಳಾಯಿತು, ಮಾಲೀಕರು ಡೆಪಾಸಿಟ್ ವಾಪಸ್ ಕೊಡುತ್ತಿಲ್ಲ. ಅವರಿಗೆ ಬೇಕಾಗಿದ್ದದ್ದು ಬಾಡಿಗೆ ಕಾನೂನಿನ ನಾಲ್ಕು ಪುಟ, ಮತ್ತು ಉಚಿತ ಕಾನೂನು ಸಲಹೆ ಎಲ್ಲಿ ಸಿಗುತ್ತದೆ ಅನ್ನೋ ವಿಳಾಸ. ಹದಿನೈದು ನಿಮಿಷದಲ್ಲಿ ಎರಡೂ ಅವರ ಕೈಯಲ್ಲಿತ್ತು.

ಜನ ಕೇಳುವ ಪ್ರಶ್ನೆ ಅವರ ಮನಸ್ಸಿನಲ್ಲಿರುವ ಪ್ರಶ್ನೆ ಆಗಿರುವುದಿಲ್ಲ. ಗ್ರಂಥಾಲಯದಲ್ಲಿ ಏನು ಸಿಗಬಹುದು ಅಂತ ತಾವೇ ಊಹಿಸಿ, ಅದಕ್ಕೆ ತಕ್ಕ ಹಾಗೆ ಕತ್ತರಿಸಿ ಕೇಳುತ್ತಾರೆ. ಗ್ರಂಥಾಲಯ ವಿಜ್ಞಾನದ ವಿದ್ವಾಂಸ ರಾಬರ್ಟ್ ಟೇಲರ್ 1968ರಲ್ಲಿ ಇದನ್ನೇ ನಾಲ್ಕು ಹಂತಗಳಾಗಿ ಬಿಡಿಸಿ ಬರೆದರು, ನಿಮ್ಮ ಸಿಲಬಸ್‌ನಲ್ಲೂ ಬರಬಹುದು. ಕಾನೂನಿನ ಪುಸ್ತಕ ಅಂತ ಹುಡುಕಿದರೆ ಗೂಗಲ್ ಅದನ್ನೇ ತೋರಿಸುತ್ತದೆ, ನಾನು ಅವತ್ತು ಮಾಡಿದ್ದೂ ಅದನ್ನೇ.

ಹುಡುಕಾಟದ ಇನ್ನೊಂದು ಮುಖವೂ ಇದೆ. ವೈದ್ಯಕೀಯ ಸಂಶೋಧಕರೊಬ್ಬರಿಗೆ ಹೃದಯಾಘಾತದ ಬಗ್ಗೆ ಬಂದ ಅಧ್ಯಯನ ಒಂದೂ ಬಿಡದಂತೆ ಬೇಕು ಅಂತಿಟ್ಟುಕೊಳ್ಳಿ. ಕೆಲವರು ಹಾರ್ಟ್ ಅಟ್ಯಾಕ್ ಅಂತ ಬರೆದಿರುತ್ತಾರೆ, ಕೆಲವರು ಮಯೋಕಾರ್ಡಿಯಲ್ ಇನ್ಫಾರ್ಕ್ಷನ್ ಅಂತ. ಒಂದೇ ಪದ ಹಾಕಿ ಹುಡುಕಿದರೆ ಎಷ್ಟೋ ತಪ್ಪಿಹೋಗುತ್ತವೆ. ಅದಕ್ಕೇ ವೈದ್ಯಕೀಯ ಗ್ರಂಥಪಾಲಕರು ಮೆಶ್ ಅನ್ನೋ ಪದಪಟ್ಟಿ ಇಟ್ಟುಕೊಂಡು ಕೆಲಸ ಮಾಡುತ್ತಾರೆ, ಯಾರು ಯಾವ ಪದ ಬಳಸಿದ್ದರೂ ಎಲ್ಲವೂ ಒಂದೇ ತಲೆಬರಹದ ಕೆಳಗೆ ಸಿಗುತ್ತದೆ. ಇತ್ತೀಚೆಗೆ ಎಐ ಕೊಟ್ಟ ಲೇಖನಗಳ ಪಟ್ಟಿ ಹಿಡಿದು ವಿದ್ಯಾರ್ಥಿಗಳು ಬರುತ್ತಾರೆ. ಲೇಖಕರ ಹೆಸರು ನಿಜ, ಪತ್ರಿಕೆಯ ಹೆಸರೂ ನಿಜ, ಆದರೆ ಆ ಲೇಖನ ಮಾತ್ರ ಎಲ್ಲೂ ಇಲ್ಲ. ಇಲ್ಲ ಅನ್ನೋದನ್ನು ಖಾತ್ರಿ ಮಾಡಿ ಹೇಳುವುದಕ್ಕೂ ಕಲಿಕೆ ಬೇಕು.

ಕಂಪ್ಯೂಟರ್ ಭಯ ಬಿಡಿ. ಕೋಡಿಂಗ್ ಪಂಡಿತರಾಗಬೇಕಿಲ್ಲ, ಆದರೆ ತಪ್ಪಿಸಿಕೊಳ್ಳುವುದಕ್ಕೂ ಆಗುವುದಿಲ್ಲ, ಇವತ್ತಿನ ಅರ್ಧ ಕೆಲಸ ಅದರಲ್ಲೇ. ಗ್ರಂಥಾಲಯ ನಡೆಸಲು ಬಳಸುವ ಕೋಹಾ ಅನ್ನೋ ಸಾಫ್ಟ್‌ವೇರ್ ಇದೆ, ಉಚಿತ. 1999ರಲ್ಲಿ ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯಕ್ಕಾಗಿ ಮಾಡಿದ್ದು, ಈಗ ಜಗತ್ತಿನ ಎಷ್ಟೋ ಗ್ರಂಥಾಲಯಗಳಲ್ಲಿ ಓಡುತ್ತಿದೆ. ಕೋಹಾ ಅಂದರೆ ಮಾವೊರಿ ಭಾಷೆಯಲ್ಲಿ ಉಡುಗೊರೆ. ಅದನ್ನು ನಿಮ್ಮ ಲ್ಯಾಪ್‌ಟಾಪ್‌ಗೆ ಹಾಕಿಕೊಂಡು ಮನೆಯಲ್ಲಿರುವ ಐವತ್ತು ಪುಸ್ತಕ ಸೇರಿಸಿ ನೋಡಿ. ಇನ್‌ಸ್ಟಾಲ್ ಮಾಡುವಾಗ ಎರಡು ದಿನ ತಲೆ ಕೆಡುತ್ತದೆ, ಆ ಎರಡು ದಿನದಲ್ಲಿ ಕಲಿತದ್ದು ಒಂದು ಸೆಮಿಸ್ಟರ್‌ಗೆ ಸಮ ಅಂತ ನನ್ನ ಅನುಭವ.

ಕಷ್ಟದ ಮಾತೂ ಒಂದಿದೆ. ಪುಸ್ತಕ ಪ್ರಾಣ ಅಂದಿರಿ, ಆದರೆ ಈ ಕೆಲಸದಲ್ಲಿ ಪುಸ್ತಕಗಳನ್ನು ತೆಗೆದು ಹಾಕಬೇಕಾಗುತ್ತದೆ. ಹಳೆಯದಾದ ಔಷಧದ ಕೈಪಿಡಿ ಕಪಾಟಿನಲ್ಲಿ ಉಳಿದರೆ ಅದನ್ನು ನಂಬಿ ಯಾರಿಗೋ ತೊಂದರೆ ಆಗಬಹುದು. ಹತ್ತು ವರ್ಷ ಯಾರೂ ಮುಟ್ಟದ ಪುಸ್ತಕ ಹೊಸದರ ಜಾಗ ತಿನ್ನುತ್ತದೆ. ಮೊದಲ ಸಲ ರಟ್ಟಿನ ಪೆಟ್ಟಿಗೆಗೆ ತುಂಬುವಾಗ ನನಗೆ ನಿಜವಾಗಿ ಹೊಟ್ಟೆ ಕಿವುಚಿತ್ತು. ಗ್ರಂಥಾಲಯ ಬೆಳೆಯುವ ಜೀವಿ ಅಂತ ರಂಗನಾಥನ್ 1931ರಲ್ಲಿ ತಮ್ಮ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಕೊನೆಯದಾಗಿ ಹೇಳಿದ್ದರ ಅರ್ಥ ನನಗೆ ಪರೀಕ್ಷೆಗಿಂತ ಆ ಪೆಟ್ಟಿಗೆಗಳ ಮುಂದೆ ಚೆನ್ನಾಗಿ ಆಯಿತು.

ಕೆಲಸದ ವಿಷಯ ಚಿಕ್ಕದಾಗಿ. ಖಾಯಂ ಹುದ್ದೆಗಳು ಬೇಕಾದಷ್ಟು ಇಲ್ಲ, ಇದನ್ನು ಮುಚ್ಚಿಡುವುದಿಲ್ಲ. ಎಷ್ಟೋ ಕಡೆ ಗ್ರಂಥಪಾಲಕರ ಹುದ್ದೆಗೆ ಸ್ನಾತಕೋತ್ತರ ಪದವಿಯೇ ಬೇಕು. ಹಾಗಾಗಿ ಸೇರುವ ಮೊದಲು ನೀವು ಮಾಡಬೇಕು ಅಂದುಕೊಂಡಿರುವ ಕೆಲಸದ ಹತ್ತು ಜಾಹೀರಾತು ಓದಿ, ಅವರು ಕೇಳುವ ಅರ್ಹತೆ ಬರೆದಿಟ್ಟುಕೊಳ್ಳಿ, ನೀವು ಸೇರುವ ಕೋರ್ಸ್‌ಗೆ ಮಾನ್ಯತೆ ಇದೆಯಾ ನೋಡಿ. ಗ್ರಂಥಾಲಯದ ಹೊರಗೂ ಅವಕಾಶ ಇದೆ: ಸಂಶೋಧನಾ ದತ್ತಾಂಶ ಜೋಡಿಸುವುದು, ಹಳೆ ದಾಖಲೆಗಳ ಡಿಜಿಟಲೀಕರಣ, ಕಂಪನಿಗಳ ಒಳಗಿನ ದಾಖಲೆ ನಿರ್ವಹಣೆ.

ಇನ್ನೂ ಗೊಂದಲ ಇದ್ದರೆ ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಜನ ಜಾಸ್ತಿ ಬರುವ ದಿನ ಯಾವುದಾದರೂ ಗ್ರಂಥಾಲಯಕ್ಕೆ ಹೋಗಿ, ಅಲ್ಲಿನವರ ಒಪ್ಪಿಗೆ ಕೇಳಿ ವಿಚಾರಣೆ ಕೌಂಟರ್ ಪಕ್ಕ ಎರಡು ಗಂಟೆ ಕುಳಿತುಕೊಳ್ಳಿ. ಬಂದವರ ಹೆಸರು ಬೇಡ, ಏನು ಕೇಳಿದರು ಅನ್ನೋದನ್ನು ಮಾತ್ರ ಬರೆದುಕೊಳ್ಳಿ. ಮನೆಗೆ ಬಂದು ಆ ಹಾಳೆ ತೆಗೆದು, ಒಂದೊಂದು ಪ್ರಶ್ನೆಯ ಎದುರಿಗೂ 'ಇವರಿಗೆ ನಿಜವಾಗಿ ಏನು ಬೇಕಾಗಿತ್ತು' ಅಂತ ಬರೆಯಲು ಪ್ರಯತ್ನಿಸಿ. ಏನು ಬಂತು ಅಂತ ಇಲ್ಲೇ ಕೆಳಗೆ ಹಾಕಿ, ಖಂಡಿತ ಓದುತ್ತೇನೆ.