ಚಳಿಗೆ ಬಿಸಿಬಿಸಿ ಮಸಾಲೆ ಪಾನೀಯ: ಕ್ರ್ಯಾನ್‌ಬೆರಿ ಬೇಡ, ಮುರುಗಲು ಹಾಕಿ

ಚಳಿ ದೇಶಗಳಲ್ಲಿ ಕ್ರ್ಯಾನ್‌ಬೆರಿಯಂಥ ಹುಳಿ ಹಣ್ಣಿಗೆ ಚಕ್ಕೆ ಲವಂಗ ಸೇರಿಸಿ ಬಿಸಿಬಿಸಿ ಕುಡಿಯುತ್ತಾರಲ್ಲ, ಅಂಥದ್ದನ್ನು ಶಿವಮೊಗ್ಗದ ಮನೆಯಲ್ಲಿ ಮಾಡಿಕೊಳ್ಳುವುದು ಹೇಗೆ, ಒಣ ಕ್ರ್ಯಾನ್‌ಬೆರಿ ಪ್ಯಾಕೆಟ್ ತಂದರೆ ಆಗುತ್ತದಾ ಅಂತ ಕೇಳಿದ್ದೀರಿ.

ಧಾರಾಳವಾಗಿ ಮಾಡಿಕೊಳ್ಳಬಹುದು. ಆದರೆ ಆ ಪ್ಯಾಕೆಟ್ ಬೇಡ. ಅಂಗಡಿಯ ಒಣ ಕ್ರ್ಯಾನ್‌ಬೆರಿಗೆ ಸಾಮಾನ್ಯವಾಗಿ ಸಕ್ಕರೆ ಹಿಡಿಸಿರುತ್ತಾರೆ, ಒಂದಕ್ಕೊಂದು ಅಂಟದಿರಲಿ ಅಂತ ಎಣ್ಣೆಯನ್ನೂ ಸವರಿರುತ್ತಾರೆ. ಕುದಿಸಿದರೆ ಸಿಹಿಯೇ ಜಾಸ್ತಿ, ಮೇಲೆ ಎಣ್ಣೆ ಪಸೆ ಬೇರೆ. ಅಷ್ಟು ದುಡ್ಡು ಕೊಡುವ ಬದಲು ಮುರುಗಲ ಸಿಪ್ಪೆ ತನ್ನಿ. ಕರಾವಳಿಯವರ ಪುನರ್ಪುಳಿ, ಪೇಟೆಯವರ ಕೋಕಂ, ಎಲ್ಲ ಇದೇ. ಹುಳಿಯಲ್ಲಾಗಲಿ ಕೆಂಪಿನಲ್ಲಾಗಲಿ ಇದು ಯಾವ ಬೆರಿಗೂ ಕಮ್ಮಿ ಇಲ್ಲ. ನಮ್ಮ ಘಟ್ಟದ ಕಾಡಲ್ಲೇ ಬೆಳೆಯುವ ಹಣ್ಣು ಕೂಡ.

ನಮ್ಮಲ್ಲಿ ಬೇಸಿಗೆಗೆ ಮುರುಗಲ ಪಾನಕ ಮಾಡುವುದು ಎಲ್ಲರಿಗೂ ಗೊತ್ತು. ಅದನ್ನೇ ಬಿಸಿ ಮಾಡಿ ಕುಡಿಯಬಹುದು ಅನ್ನುವುದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಮಲೆನಾಡಿನಲ್ಲಿ ಮೈ ನಡುಗುವುದು ಡಿಸೆಂಬರಿನಲ್ಲಿ ಮಾತ್ರ ಅಲ್ಲ. ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ. ಜುಲೈನಲ್ಲಿ ಹೊದ್ದ ಕಂಬಳಿಯೂ ಥಂಡಿ ಹಿಡಿದಿರುತ್ತದೆ. ಹಣ್ಣು ಏಪ್ರಿಲ್, ಮೇ ಹೊತ್ತಿಗೆ ಕಳಿತು, ಸಿಪ್ಪೆ ಬಿಸಿಲಿಗೆ ಒಣಗಿ ಡಬ್ಬಿ ಸೇರಿರುತ್ತದೆ. ಮಳೆ ಶುರುವಾಗುವಾಗ ಸರಕು ಸಿದ್ಧ.

ಕೊಳ್ಳುವಾಗ ಒಂದು ಎಚ್ಚರ. ಉಪ್ಪಾಗೆ ಸಿಪ್ಪೆಯೂ ಒಣಗಿದ ಮೇಲೆ ಕಪ್ಪಗೇ ಕಾಣುತ್ತದೆ. ಅದು ಮುರುಗಲ ಹತ್ತಿರದ ನೆಂಟನೇ, ಆದರೆ ಬೇರೆ ಹಣ್ಣು. ಮುರುಗಲು ನುಣ್ಣಗೆ, ದುಂಡಗೆ, ಕಡುಕೆಂಪು. ಉಪ್ಪಾಗೆ ಹಳದಿ, ಮೈಮೇಲೆ ಕುಂಬಳದ ಹಾಗೆ ಏಣುಗಳು. ಉಪ್ಪಾಗೆ ಮಳೆಗಾಲದಲ್ಲಿ ಹಣ್ಣಾಗುವುದರಿಂದ ಒಲೆಯ ಮೇಲೆ ಹೊಗೆಗೆ ಹಾಕಿ ಒಣಗಿಸುತ್ತಾರೆ. ಆ ಹೊಗೆ ವಾಸನೆ ಸಾರಿಗೆ ಚೆಂದ, ಕುಡಿಯುವುದಕ್ಕೆ ಅಲ್ಲ. ಅನುಮಾನ ಬಂದರೆ ಒಂದು ಚೂರನ್ನು ಬಿಸಿನೀರಿಗೆ ಹಾಕಿ ನೋಡಿ. ಮುರುಗಲಾದರೆ ಸ್ವಲ್ಪ ಹೊತ್ತಿಗೇ ನೀರು ಕೆಂಪಾಗುತ್ತದೆ. ಇನ್ನೊಂದು ವಿಷಯ, ಕೆಲವರು ಉಪ್ಪು ಹಾಕಿ ಒಣಗಿಸಿರುತ್ತಾರೆ. ನಾಲಿಗೆಗೆ ಇಟ್ಟು ನೋಡಿ, ಉಪ್ಪಿದ್ದರೆ ಒಮ್ಮೆ ತೊಳೆಯಿರಿ.

ಇನ್ನು ಮಾಡುವ ಕ್ರಮ. ಇದರಲ್ಲಿ ನೆನಪಿಡಬೇಕಾದ್ದು ಒಂದೇ. ಮಸಾಲೆಯನ್ನು ಕುದಿಸಿ, ಮುರುಗಲನ್ನು ಕುದಿಸಬೇಡಿ. ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಹಾಕಿ ಕುದಿಸುವುದೇ ಬಹಳ ಮಂದಿಯ ಅಭ್ಯಾಸ. ಮುರುಗಲ ಕೆಂಪು ಬರುವುದು ಆಂಥೋಸಯನಿನ್ ಅನ್ನುವ ಬಣ್ಣದಿಂದ, ನೇರಳೆ ಹಣ್ಣಿನ ಬಣ್ಣವೂ ಇದೇ ಜಾತಿಯದು. ಜಾಸ್ತಿ ಹೊತ್ತು ಕುದಿಸಿದರೆ ಅದು ಕೆಟ್ಟು ಕಂದಾಗುತ್ತದೆ. ಚಕ್ಕೆ, ಮೆಣಸು ಹಾಗಲ್ಲ. ಅವು ಗಟ್ಟಿ, ಚೆನ್ನಾಗಿ ಕುದಿಯದೆ ಸಾರ ಬಿಡುವುದಿಲ್ಲ. ಅದಕ್ಕೇ ಎರಡಕ್ಕೂ ಬೇರೆ ಬೇರೆ ಪಾತ್ರೆ.

ಇಬ್ಬರಿಗೆ ಆರೇಳು ಸಿಪ್ಪೆ ಸಾಕು. ಅರ್ಧ ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಇನ್ನೊಂದು ಕಡೆ ಎರಡೂವರೆ ಲೋಟ ನೀರಿಗೆ ಜಜ್ಜಿದ ಶುಂಠಿ ಒಂದು ತುಂಡು, ಎಂಟು ಹತ್ತು ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಬೆರಳಿನ ಅರ್ಧದಷ್ಟು ಚಕ್ಕೆ, ಎರಡು ಲವಂಗ ಹಾಕಿ. ಮೆಣಸು, ಜೀರಿಗೆ ಪುಡಿ ಮಾಡಬೇಡಿ, ಸುಮ್ನೆ ಒಂದೆರಡು ಸಲ ಕುಟ್ಟಿದರೆ ಸಾಕು. ನುಣ್ಣಗಾದರೆ ಸೋಸಿದರೂ ಗಂಟಲಿಗೆ ಸಿಗುತ್ತದೆ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದ್ದು ಎರಡು ಲೋಟಕ್ಕೆ ಇಳಿಯಲಿ. ಎರಡೋ ಮೂರೋ ಚಮಚ ಬೆಲ್ಲ ಹಾಕಿ ಕರಗಿಸಿ. ಮನೆಯಲ್ಲಿ ಜೋನಿ ಬೆಲ್ಲ ಇದ್ದರೆ ಅದನ್ನೇ ಹಾಕಿ, ಈ ಹುಳಿಗೆ ಅದರಷ್ಟು ಹೊಂದುವುದು ಬೇರೆ ಇಲ್ಲ. ಬಿಳಿ ಸಕ್ಕರೆ ಹಾಕಿದರೆ ಬಾಟಲಿ ಜ್ಯೂಸು ಬಿಸಿ ಮಾಡಿದ ಹಾಗಾಗುತ್ತದೆ, ನನಗಂತೂ ಸೇರುವುದಿಲ್ಲ. ಇಳಿಸುವಾಗ ಒಂದು ಏಲಕ್ಕಿ ಜಜ್ಜಿ ಹಾಕಿ ಮುಚ್ಚಿಡಿ.

ಈಗ ನೆನೆದ ಸಿಪ್ಪೆಯನ್ನು ಕೈಯಲ್ಲೇ ಚೆನ್ನಾಗಿ ಕಿವುಚಿ. ಒಲೆ ಆರಿಸಿ, ಕಷಾಯ ಸೋಸಿ, ಅದಕ್ಕೆ ಈ ರಸವನ್ನು ಸೋಸಿಕೊಂಡು ಸುರಿಯಿರಿ. ಈ ಹೊತ್ತಲ್ಲಿ ಪಾತ್ರೆಯನ್ನೇ ನೋಡುತ್ತಿರಿ. ಕೆಸರು ಬಣ್ಣದ ಕಷಾಯ ಸುರಿದ ಕಡೆಯಿಂದ ಕೆಂಪಾಗುತ್ತಾ ಬರುತ್ತದೆ, ಒಮ್ಮೆ ತಿರುಗಿಸಿದರೆ ಇಡೀ ಪಾತ್ರೆ ಮಾಣಿಕ್ಯದ ಬಣ್ಣ. ಚಿಟಿಕೆ ಉಪ್ಪು ಹಾಕಿ, ಹುಳಿ ಸಿಹಿ ಎರಡೂ ಎದ್ದು ಬರುತ್ತವೆ. ರುಚಿ ನೋಡಿ, ಹುಳಿ ಸಾಲದಿದ್ದರೆ ಅದೇ ಸಿಪ್ಪೆಗೆ ಇನ್ನಷ್ಟು ಬಿಸಿನೀರು ಹಾಕಿ ಹಿಂಡಿ. ಎರಡನೇ ಸಲಕ್ಕೂ ಬೇಕಾದಷ್ಟು ರಸ ಇರುತ್ತದೆ.

ಪಾತ್ರೆ ಸ್ಟೀಲಿನದೇ ಇರಲಿ. ಕಬ್ಬಿಣ, ಅಲ್ಯೂಮಿನಿಯಂ, ಕಲಾಯಿ ಹೋದ ಹಿತ್ತಾಳೆ, ಇವು ಹುಳಿಗೆ ಆಗಿಬರುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಾದರೆ ಕೆಂಪು ಮಂಕಾಗುತ್ತದೆ, ಕುಡಿಯುವ ನೀರನ್ನೇ ಬಳಸಿ. ಹಾಲು ಹಾಕಬೇಡಿ, ಒಡೆದುಹೋಗುತ್ತದೆ.

ಬೇರೆ ಹಣ್ಣು ಆಗುತ್ತದಾ ಅಂದರೆ, ನೇರಳೆ ಆಗುತ್ತದೆ, ಆದರೆ ಒಗರು ಜಾಸ್ತಿ, ಶುಂಠಿ ಬೆಲ್ಲ ಎರಡನ್ನೂ ಏರಿಸಬೇಕು. ಕವಳಿ ಹಣ್ಣಿನ ಅಂಟು ಹಾಲು ತೊಂದರೆ ಕೊಡುತ್ತದೆ, ಅದನ್ನು ಉಪ್ಪಿನಕಾಯಿಗೇ ಬಿಡಿ. ಹಿಪ್ಪುನೇರಳೆ ಹಣ್ಣು ಸಿಕ್ಕರೆ ಒಂದು ಹಿಡಿ ಕಿವುಚಿ ಮುರುಗಲ ಜೊತೆಗೆ ಸೇರಿಸಿ, ಬಹಳ ಚೆನ್ನಾಗಿರುತ್ತದೆ. ಸಿಪ್ಪೆ ಸಿಗದೆ ಬರೀ ಕೋಕಂ ಸಿರಪ್ ಇದ್ದರೆ ಬೆಲ್ಲ ಬಿಟ್ಟು, ಮಸಾಲೆ ನೀರು ಇಳಿಸಿದ ಮೇಲೆ ಸಿರಪ್ ಬೆರೆಸಿ, ಅದರಲ್ಲೇ ಸಕ್ಕರೆ ಸಾಕಷ್ಟಿರುತ್ತದೆ.

ನೆಗಡಿ ವಾಸಿಯಾಗುತ್ತದಾ ಅಂತಲೂ ಕೇಳಿದ್ದೀರಿ. ಗಂಟಲಿಗೆ ಹಿತ, ಮೈ ಬೆಚ್ಚಗಾಗುತ್ತದೆ, ಅಷ್ಟು ನಿಜ. ಔಷಧಿ ಅಂತ ನಂಬಿ ಜ್ವರ ಇಟ್ಟುಕೊಂಡು ಕೂರಬೇಡಿ. ಹುಳಿಗೆ ಎದೆ ಉರಿಯುವವರು ಖಾಲಿ ಹೊಟ್ಟೆಗೆ ಕುಡಿಯುವುದು ಬೇಡ. ಸಕ್ಕರೆ ಕಾಯಿಲೆ ಇದ್ದವರು ಬೆಲ್ಲ ಬಿಟ್ಟು ಉಪ್ಪು, ಜೀರಿಗೆ ಮುಂದೆ ಮಾಡಿದರೆ ಸಾರಿನ ರುಚಿ ಬರುತ್ತದೆ. ಮಕ್ಕಳಿಗೆ ಮೆಣಸು ಅರ್ಧ ಮಾಡಿ. ಉಳಿದರೆ ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ಬಿಸಿ ಮಾಡಬಹುದು, ಕುದಿ ಬರುವ ಮೊದಲೇ ಇಳಿಸಿಬಿಡಿ.